ನಿಮಗಿದು ಗೊತ್ತೇ? ಗೂಗಲ್‌ಗೆ ಕಾಣದ ಕಡತಗಳು

◆ ಅಜ್ಜನ ಹೆಸರು, ಊರಿನ ಹೆಸರು ಎರಡನ್ನೂ ಸೇರಿಸಿ ಗೂಗಲ್‌ನಲ್ಲಿ ಹೊಡೆದರೆ ಪಹಣಿ ಯಾಕೆ ಸಿಗುವುದಿಲ್ಲ, ಗೊತ್ತೇ? ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ), ಕೋರ್ಟ್ ಆದೇಶ, ಮತದಾರರ ಪಟ್ಟಿ ಎಲ್ಲವೂ ಇಂಟರ್‌ನೆಟ್ಟಿನಲ್ಲೇ ಇವೆ. ಆದರೆ ಒಂದೊಂದೂ ಒಂದೊಂದು ಫಾರಂನ ಹಿಂದೆ ಕೂತಿದೆ. ಜಿಲ್ಲೆ ಆರಿಸಿ, ತಾಲ್ಲೂಕು ಆರಿಸಿ, ಹೋಬಳಿ ಆರಿಸಿ, ಕ್ಯಾಪ್ಚಾ ತುಂಬಿ ಎಂದರೆ ಅದನ್ನೆಲ್ಲ ತುಂಬಿ ಒಳಗೆ ಹೋಗುವ ತಾಳ್ಮೆ ಗೂಗಲ್‌ಗಿಲ್ಲ. ಅದು ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಅಷ್ಟೇ. ಬಾಗಿಲು ತೆರೆಯುವುದು ಬಹುತೇಕ ಹೆಸರಿನಿಂದಲ್ಲ, ನಂಬರಿನಿಂದ. ಸರ್ವೆ ನಂಬರು, ಕೇಸ್ ನಂಬರು, ನೋಂದಣಿ ನಂಬರು: ಮನೆಯ ಟ್ರಂಕಿನಲ್ಲಿರುವ ಯಾವುದೋ ಹಳೆ ಕಾಗದದ ಮೂಲೆಯಲ್ಲಿ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಮೊದಲು ಅದನ್ನು ಹುಡುಕಿ.

◆ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ಈ ಶತಮಾನದ ಆರಂಭದಲ್ಲೇ. ಶಾನುಭೋಗರ, ಗ್ರಾಮ ಲೆಕ್ಕಿಗರ ಕೈಬರಹದ ಪಹಣಿ ತಾಲ್ಲೂಕು ತಾಲ್ಲೂಕಾಗಿ ಚಲಾವಣೆ ಕಳೆದುಕೊಂಡಿತು. ಈಗ ಕಂದಾಯ ಇಲಾಖೆಯ ಲ್ಯಾಂಡ್ ರೆಕಾರ್ಡ್ಸ್ ತಾಣದಲ್ಲಿ ಪಹಣಿಯನ್ನು ಬರಿದೆ ನೋಡುವುದಕ್ಕೆ ಕಾಸು ಬೇಡ. ಬ್ಯಾಂಕಿಗೋ ಕೋರ್ಟಿಗೋ ಕೊಡಬೇಕೆಂದರೆ ಮಾತ್ರ ಶುಲ್ಕ ಕಟ್ಟಿ ಡಿಜಿಟಲ್ ಸಹಿಯ ಪ್ರತಿ ತೆಗೆಯಬೇಕು. ಪುಕ್ಕಟೆ ಕಂಡದ್ದನ್ನೇ ಪ್ರಿಂಟ್ ಹೊಡೆದು ಬ್ಯಾಂಕ್ ಮ್ಯಾನೇಜರ್ ಮುಂದಿಟ್ಟರೆ ಕೆಲಸ ಆಗುವುದಿಲ್ಲ.

◆ ಪಹಣಿಯಲ್ಲಿ ವಿಸ್ತೀರ್ಣ 2-20 ಎಂದಿದೆ. ಜಮೀನು ಎಷ್ಟು? ಮಂಡ್ಯದವರು ಎರಡೂವರೆ ಎಕರೆ ಎನ್ನುತ್ತಾರೆ, ಉಡುಪಿಯವರು ಎರಡು ಎಕರೆ ಇಪ್ಪತ್ತು ಸೆಂಟ್ಸ್ ಎನ್ನುತ್ತಾರೆ. ಇಬ್ಬರೂ ಸರಿ. ಬಯಲುಸೀಮೆಯಲ್ಲಿ ಎಕರೆಗೆ 40 ಗುಂಟೆ, ಹಾಗಾಗಿ 20 ಎಂದರೆ ಅರ್ಧ ಎಕರೆ. ಹಿಂದೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕರಾವಳಿಯಲ್ಲಿ ಎಕರೆಗೆ 100 ಸೆಂಟ್ಸ್, ಅಲ್ಲಿ 20 ಎಂದರೆ ಎಕರೆಯ ಐದನೇ ಒಂದು ಭಾಗ. ಬೆಂಗಳೂರಿನಲ್ಲಿ ಕೂತು ಊರಿನ ಆಸ್ತಿಯ ಲೆಕ್ಕ ಹಾಕುವ ಅಣ್ಣತಮ್ಮಂದಿರು ಕ್ಯಾಲ್ಕುಲೇಟರ್ ಒತ್ತುವ ಮೊದಲು ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಒಂದು ಗುಂಟೆ ಎಂದರೆ 1,089 ಚದರ ಅಡಿ. ಬೆಂಗಳೂರಿನ 30–40 ಸೈಟಿಗಿಂತ ಸ್ವಲ್ಪ ಕಡಿಮೆ.

◆ ಪಹಣಿ ತೆಗೆದವರು ಒಂಬತ್ತನೇ ಕಾಲಂನಲ್ಲಿ ಹೆಸರು ನೋಡಿ ಸಮಾಧಾನಪಟ್ಟು ಮುಚ್ಚಿಬಿಡುತ್ತಾರೆ. ಅಸಲು ಕಥೆ ಇರುವುದು ಅದರ ಪಕ್ಕದ ಎರಡು ಕಾಲಂಗಳಲ್ಲಿ. ಹತ್ತನೇ ಕಾಲಂನಲ್ಲಿ ಆ ಹೆಸರು ಹೇಗೆ ಬಂತು ಎಂಬುದಿರುತ್ತದೆ: ಕ್ರಯ, ಪೌತಿ, ದಾನ, ವಿಭಾಗ, ಜೊತೆಗೆ ಒಂದು ಎಂ.ಆರ್. ನಂಬರು ಮತ್ತು ವರ್ಷ. ಅದೇ ಮ್ಯುಟೇಷನ್ ರಿಜಿಸ್ಟರಿನ ಸಂಖ್ಯೆ. ಅದನ್ನು ಹಾಕಿ ಆ ವಹಿವಾಟಿನ ದಾಖಲೆ ತೆಗೆದರೆ ಅದಕ್ಕೂ ಹಿಂದಿನ ಮಾಲೀಕ ಸಿಗುತ್ತಾನೆ, ಆತನ ಪಹಣಿಯಲ್ಲಿ ಇನ್ನೊಂದು ನಂಬರು, ಹೀಗೆ ಒಂದೊಂದೇ ತಲೆಮಾರು ಹಿಂದೆ ಹೋಗಬಹುದು. ಹನ್ನೊಂದನೇ ಕಾಲಂ ಸಾಲ, ಋಣ, ಕೋರ್ಟ್ ತಡೆಯಾಜ್ಞೆಗಳದ್ದು. ಜಮೀನು ಕೊಳ್ಳುವವರು ಮೊದಲು ಓದಬೇಕಾದ್ದು ಹನ್ನೊಂದನ್ನೇ.

◆ ಸರ್ವೆ ನಂಬರಿನ ಜೊತೆ ‘ಪಿ’ ಎಂಬ ಅಕ್ಷರ ಕಂಡರೆ ಅದು ಪೈಕಿ ನಂಬರು. ಇನ್ನೂ ಪೋಡಿ (ಅಳತೆ ಮಾಡಿ ಬೇರ್ಪಡಿಸುವುದು) ಆಗಿಲ್ಲ, ಜಾಗದಲ್ಲಿ ಗಡಿ ಬಿದ್ದಿಲ್ಲ. ಎಚ್ಚರ.

◆ ಸರ್ವೆ ನಂಬರೇ ಗೊತ್ತಿಲ್ಲವೇ? ಜಮೀನಿನ ಮೇಲೆ ಹೋಗಿ ನಿಂತುಕೊಳ್ಳಿ. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರನ್ನು ಅದೇ ಹೇಳುತ್ತದೆ. ಗಡಿಯ ಹತ್ತಿರ ಅದರ ಮಾತನ್ನು ಪೂರ್ತಿ ನಂಬಬೇಡಿ. ಫೋನಿನ ಜಿಪಿಎಸ್‌ಗೆ ಹತ್ತು ಅಡಿ ಆಚೀಚೆ ಎಂದರೆ ಏನೂ ಅಲ್ಲ, ನಿಮ್ಮ ಪಕ್ಕದ ಹೊಲದವನಿಗೆ ಅದೇ ಸರ್ವಸ್ವ.

◆ ಜನರೇ ಇಲ್ಲದ ಊರಿಗೂ ಪಹಣಿ ಉಂಟು. ಕಂದಾಯ ದಾಖಲೆಗಳಲ್ಲಿ ಅವು ಬೇಚಿರಾಕ್ ಗ್ರಾಮಗಳು. ನಿಮ್ಮ ಊರಿನ ಪಟ್ಟಿಯಲ್ಲಿ ನಿಮ್ಮ ಜಮೀನು ಸಿಗದಿದ್ದರೆ ಪಕ್ಕದ ಬೇಚಿರಾಕ್ ಗ್ರಾಮದ ಹೆಸರನ್ನೂ ಆರಿಸಿ ನೋಡಿ.

◆ ಮಾಹಿತಿ ಹಕ್ಕು ಬಂದದ್ದು 2005ರಲ್ಲಿ. ಅದಕ್ಕೂ 97 ವರ್ಷ ಮೊದಲೇ, 1908ರ ನೋಂದಣಿ ಕಾಯ್ದೆಯ 57ನೇ ಕಲಂ, ಸ್ಥಿರಾಸ್ತಿ ಪತ್ರಗಳು ದಾಖಲಾಗುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು ಎಂದಿತ್ತು. ಅದು ನಿಮ್ಮ ಆಸ್ತಿಯೇ ಆಗಿರಬೇಕೆಂದಿಲ್ಲ. ಮೂರನೇ ಪುಸ್ತಕದ ಕಥೆ ಬೇರೆ, ಅದು ಉಯಿಲುಗಳದ್ದು. ಬರೆದವರು ಬದುಕಿರುವಷ್ಟು ದಿನ ಅವರಿಗೆ ಮತ್ತು ಅವರ ಏಜೆಂಟರಿಗೆ ಬಿಟ್ಟು ಇನ್ನಾರಿಗೂ ನಕಲು ಸಿಗುವುದಿಲ್ಲ. ಅಪ್ಪ ಯಾರ ಹೆಸರಿಗೆ ಬರೆದಿಟ್ಟಿದ್ದಾರೆ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೆಲ್ಲಗೆ ವಿಚಾರಿಸುವವರು ಇದನ್ನು ತಿಳಿದಿರಲಿ.

◆ ಇಸಿ ಕೇಳಿದಾಗ ಕೈಗೆ ಬರುವ ನಮೂನೆ ಎರಡು. ನಮೂನೆ 15 ಬಂದರೆ ಆ ಅವಧಿಯಲ್ಲಿ ವಹಿವಾಟು ನಡೆದಿದೆ, ಪಟ್ಟಿ ಅದರಲ್ಲಿದೆ. ನಮೂನೆ 16 ಬಂದರೆ ಏನೂ ನಡೆದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಇಸಿ ಸಿಗುವುದು 2004ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕಗಳನ್ನೇ ತೆರೆಸಬೇಕು. ನಮೂನೆ 16 ಬಂತೆಂದು ಹಿಗ್ಗಬೇಡಿ. ಆಸ್ತಿಯ ವಿವರವನ್ನು ನೀವು ಒಂದು ಥರ, ಕಚೇರಿಯವರು ಇನ್ನೊಂದು ಥರ ಬರೆದಿದ್ದರೂ ‘ಏನೂ ಇಲ್ಲ’ ಎಂದೇ ಬರುತ್ತದೆ. ಸರ್ವೆ ನಂಬರು, ಖಾತೆ ನಂಬರು, ಹಳೆಯ ಡೋರ್ ನಂಬರು, ಮೂರರಿಂದಲೂ ಹುಡುಕಿಸಿ.

◆ ಗೌಡರನ್ನು ಇಂಗ್ಲಿಷಿನಲ್ಲಿ ಹುಡುಕುವುದು ಹೇಗೆ? ಹಳೆ ಮೈಸೂರಿನ ಗೌಡರಿಗೆ ನಡುವೆ ‘ಡಬ್ಲ್ಯು’ ಬರುತ್ತದೆ, ಧಾರವಾಡದ ಕಡೆಯ ಗೌಡರಿಗೆ ‘ಯು’. ತಂದೆಯ ಹೆಸರು, ಊರಿನ ಹೆಸರು ಮೈಸೂರಿನ ಕಡೆ ಮುಂದೆ ಇನಿಷಿಯಲ್ ಆಗಿ ನಿಲ್ಲುತ್ತವೆ. ಬೆಳಗಾವಿ, ವಿಜಯಪುರದ ಕಡೆ ಅಡ್ಡಹೆಸರು ಹಿಂದೆ ಪೂರ್ತಿಯಾಗಿ ಬರುತ್ತದೆ, ನಡುವೆ ತಂದೆಯ ಹೆಸರು. ಲಕ್ಷ್ಮಿಗೆ ಒಬ್ಬ ಗುಮಾಸ್ತ ‘ಕೆ-ಎಸ್-ಎಚ್’ ಹಾಕಿದರೆ ಇನ್ನೊಬ್ಬ ಒಂದು ‘ಎಕ್ಸ್’ ಹಾಕಿ ಮುಗಿಸಿರುತ್ತಾನೆ. ಇಂಥ ದಾಖಲೆಗಳಲ್ಲಿ ಪೂರ್ತಿ ಹೆಸರು ಹೊಡೆದಷ್ಟೂ ಸಿಗುವ ಸಾಧ್ಯತೆ ಕಡಿಮೆ. ಇ–ಕೋರ್ಟ್ಸ್ ತಾಣದ ಕಕ್ಷಿದಾರರ ಹೆಸರಿನ ಹುಡುಕಾಟಕ್ಕೆ ಮೂರು ಅಕ್ಷರ ಸಾಕು. ಯಾವ ಕಾಗುಣಿತದಲ್ಲೂ ಬದಲಾಗದ ಮೂರ್ನಾಲ್ಕು ಅಕ್ಷರ ಆರಿಸಿ, ವರ್ಷ ಹಾಕಿ, ಬಂದ ಪಟ್ಟಿಯನ್ನು ಕಣ್ಣಿನಿಂದಲೇ ಜರಡಿ ಹಿಡಿಯಿರಿ.

◆ ಊರುಗಳಿಗೂ ಇದೇ ಪಾಡು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಅದಕ್ಕಿಂತ ಹಿಂದಿನ ಕಾಗದ ಬೇಕಿದ್ದರೆ ಬ್ಯಾಂಗಲೋರ್, ಬೆಲ್ಗಾಂ, ಗುಲ್ಬರ್ಗ, ಬಿಜಾಪುರ ಎಂದೇ ಹುಡುಕಬೇಕು. ಇನ್ನೂ ಹಿಂದೆ ಹೋದರೆ ಮಡಿಕೇರಿ ‘ಮರ್ಕೆರಾ’, ಶ್ರೀರಂಗಪಟ್ಟಣ ‘ಸೆರಿಂಗಪಟಂ’, ಪಾಂಡವಪುರ ‘ಫ್ರೆಂಚ್ ರಾಕ್ಸ್’. ರಾಮನಗರವಂತೂ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಿಂದ ‘ಕ್ಲೋಸ್‌ಪೇಟ್’ ಆಗಿತ್ತು. ಈಗ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ. ಒಂದೇ ಊರಿನ ಕಾಗದಕ್ಕೆ ಮೂರು ಹೆಸರಿನಲ್ಲಿ ಮೂರು ಸಲ ಹುಡುಕುವ ಯೋಗ ರಾಮನಗರದವರದು.

◆ ಈಗ ಕನ್ನಡದಲ್ಲಿ ಹುಡುಕುವವರಿಗೆ ಎದುರಾಗುವ ಒಂದು ವಿಶೇಷ ತೊಂದರೆ. ಸರ್ಕಾರದ ಎಷ್ಟೋ ಹಳೆಯ ಆದೇಶ, ಸುತ್ತೋಲೆ, ಅಧಿಸೂಚನೆಗಳ ಪಿಡಿಎಫ್ ಅಂತರ್ಜಾಲದಲ್ಲಿದೆ. ತೆರೆದರೆ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಆದರೂ ಅದರೊಳಗಿನ ಒಂದು ಪದವನ್ನು ಗೂಗಲ್‌ನಲ್ಲಿ ಹೊಡೆದರೆ ಆ ಪಿಡಿಎಫ್ ಬರುವುದಿಲ್ಲ. ಕಾರಣ, ಅವು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ತಯಾರಾದವು. ಆ ಫಾಂಟ್‌ಗಳಲ್ಲಿ ಕಂಪ್ಯೂಟರಿಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರಗಳು ಮಾತ್ರ; ಅವುಗಳಿಗೆ ಕನ್ನಡದ ಮುಖವಾಡ ತೊಡಿಸಲಾಗಿದೆ. ಪರೀಕ್ಷಿಸಿ ನೋಡಿ: ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿ. ‘ಕರ್ನಾಟಕ’ ಇದ್ದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ನಡುವೆ ಇಂಗ್ಲೆಂಡಿನ ಪೌಂಡ್ ಗುರುತು ಎಲ್ಲ ಬಂದು ಕೂರುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಮ್ಮ ಕಚೇರಿಗಳ ಟೇಬಲ್ ಮೇಲೆ ಅದು ಬರುವುದಕ್ಕೆ ಹಿಡಿದ ಕಾಲಕ್ಕೆ ಲೆಕ್ಕವಿಲ್ಲ.

ಇದಕ್ಕೊಂದು ಉಪಾಯ ಉಂಟು. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಅವನ್ನು ಉಲ್ಟಾ ಬಳಸಿ. ನಿಮಗೆ ಬೇಕಾದ ಊರಿನ ಹೆಸರನ್ನು ಯೂನಿಕೋಡ್‌ನಲ್ಲಿ ಬರೆದು ನುಡಿಗೆ ಬದಲಿಸಿ, ಬಂದ ಗೋಜಲು ಅಕ್ಷರಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ಗೆ ಕೊಡಿ. ಪ್ರತಿ ಸಲ ಫಲ ಕೊಡುತ್ತದೆ ಎನ್ನಲಾರೆ. ಆದರೆ ಕೊಟ್ಟಾಗ, ಬೇರೆ ಯಾವ ದಾರಿಯಲ್ಲೂ ಸಿಗದ ಕಾಗದ ಸಿಗುತ್ತದೆ.

◆ ಮತದಾರರ ಪಟ್ಟಿಯ ಪಿಡಿಎಫ್‌ನಲ್ಲಿ ಹೆಸರು ಹುಡುಕಲು ಆಗದಿರುವುದು ಫಾಂಟಿನ ದೋಷವಲ್ಲ, ಬೇಕೆಂದೇ ಮಾಡಿದ್ದು. ಚುನಾವಣಾ ಆಯೋಗ 2018ರಿಂದ ಪಟ್ಟಿಯನ್ನು ಚಿತ್ರರೂಪದ ಪಿಡಿಎಫ್ ಆಗಿ ಪ್ರಕಟಿಸುತ್ತಿದೆ. ಹುಡುಕಲು ಬರುವಂಥ ಪಟ್ಟಿ ಕೊಡಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ ಅದೇ ವರ್ಷ ವಜಾ ಆಯಿತು. ನಿಮ್ಮ ಹೆಸರು ಬೇಕಿದ್ದರೆ ಆಯೋಗದ ಹುಡುಕಾಟದ ಪುಟದಲ್ಲಿ ಎಪಿಕ್ (ಮತದಾರರ ಗುರುತಿನ ಚೀಟಿಯ) ನಂಬರು ಹಾಕಿ. ಊರಿನ ಪಟ್ಟಿ ಬೇಕಿದ್ದರೆ ಭಾಗ ಸಂಖ್ಯೆ ಹಿಡಿದು ಪುಟ ಪುಟ ತಿರುವಬೇಕು.

◆ ದೇಶದ ಪ್ರತಿ ಕೋರ್ಟ್ ಕೇಸಿಗೂ 16 ಅಕ್ಷರಾಂಕಿಗಳ ಸಿಎನ್‌ಆರ್ ನಂಬರು ಇದೆ. ಕೊನೆಯ ನಾಲ್ಕು ಅಂಕಿ ವರ್ಷ, ಅದರ ಹಿಂದಿನ ಆರು ಕ್ರಮಸಂಖ್ಯೆ. ಕರ್ನಾಟಕದ್ದು ‘ಕೆಎ’ಯಿಂದ ಶುರು. ಇದೊಂದು ಗೊತ್ತಿದ್ದರೆ ಮುಂದಿನ ದಿನಾಂಕ ಕೇಳಲು ವಕೀಲರಿಗೆ ಫೋನ್ ಮಾಡಬೇಕಿಲ್ಲ. ಅದೇ ಇ–ಕೋರ್ಟ್ಸ್ ತಾಣದಲ್ಲಿ ಕೇವಿಯಟ್ ಹುಡುಕಾಟವೂ ಇದೆ, ಅದನ್ನು ಬಹಳ ಜನ ಗಮನಿಸಿಯೇ ಇಲ್ಲ. ನಿಮ್ಮ ವಿರುದ್ಧ ಯಾರಾದರೂ ಮುನ್ನೆಚ್ಚರಿಕೆಯ ಕೇವಿಯಟ್ ಹಾಕಿದ್ದಾರೆಯೇ ಎಂದು ನೋಡಬಹುದು. ಒಮ್ಮೆ ಹಾಕಿದರೆ ಅದರ ಆಯಸ್ಸು 90 ದಿನ.

◆ ಹೈಕೋರ್ಟಿನ ಕೇಸು ಹುಡುಕುವಾಗ ಪೀಠ ಯಾವುದು ಎಂಬುದನ್ನು ಮರೆಯಬೇಡಿ. ಧಾರವಾಡ, ಕಲಬುರಗಿ ಪೀಠಗಳು 2008ರಲ್ಲಿ ಸಂಚಾರಿಯಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ಹುಬ್ಬಳ್ಳಿಯ ಜಮೀನಿನ 2006ರ ರಿಟ್ ಅರ್ಜಿ ದಾಖಲಾಗಿದ್ದೇ ಬೆಂಗಳೂರಿನಲ್ಲಿ.

◆ ಎಫ್‌ಐಆರ್ 24 ಗಂಟೆಯೊಳಗೆ ಪೊಲೀಸ್ ತಾಣದಲ್ಲಿ ಕಾಣಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ.

◆ ಒಮ್ಮೆ ದಾಖಲಾದ ಹೆಸರನ್ನು ಇಂಟರ್‌ನೆಟ್ಟಿನಿಂದ ಅಳಿಸಬಹುದೇ? ಒಬ್ಬ ತಂದೆ, ಹಳೆಯ ಕೇಸಿನ ಆದೇಶದ ಮೂಲಕ ಮಗಳ ಹೆಸರು ಹುಡುಕಾಟದಲ್ಲಿ ಸಿಗದಂತೆ ಮಾಡಿ ಎಂದು ಕರ್ನಾಟಕ ಹೈಕೋರ್ಟನ್ನು ಕೇಳಿದರು. 2017ರಲ್ಲಿ ಕೋರ್ಟ್ ಒಪ್ಪಿತು, ಅಂತರ್ಜಾಲದ ಹುಡುಕಾಟದಲ್ಲಿ ಹೆಸರು ಬರದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಹೇಳಿತು. ಜೊತೆಗೇ, ದೃಢೀಕೃತ ನಕಲಿಗೆ ಅರ್ಜಿ ಹಾಕಿದವರಿಗೆ ಸಿಗುವ ಪ್ರತಿಯಲ್ಲಿ ಹೆಸರು ಇದ್ದಂತೆಯೇ ಇರುತ್ತದೆ ಎಂದೂ ಸ್ಪಷ್ಟಪಡಿಸಿತು. ಹುಡುಕಿದ ಕೂಡಲೇ ಸಿಗುವುದು ಬೇರೆ, ಕೇಳಿ ಪಡೆಯುವುದು ಬೇರೆ ಎಂಬ ಈ ಗೆರೆ ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ.

◆ ನಿಮ್ಮ ಶಾಸಕರ ಜಮೀನಿನ ಸರ್ವೆ ನಂಬರು ಗೊತ್ತೇ? ಚುನಾವಣೆಗೆ ನಿಂತವರೆಲ್ಲ ನಮೂನೆ 26ರಲ್ಲಿ ಪ್ರಮಾಣಪತ್ರ ಕೊಡಬೇಕು: ತಮ್ಮದು, ಗಂಡ ಅಥವಾ ಹೆಂಡತಿಯದು, ಅವಲಂಬಿತರದು ಎಲ್ಲರ ಆಸ್ತಿ, ಸಾಲ, ಕೇಸು, ಓದು. ಕೃಷಿ ಭೂಮಿಗೆ ಸರ್ವೆ ನಂಬರನ್ನೂ ನಮೂದಿಸಬೇಕು. ಆ ನಂಬರನ್ನು ‘ಭೂಮಿ’ಗೆ ಹಾಕಿದರೆ ಪಹಣಿ ಬರುತ್ತದೆ. ಎರಡೂ ಸಾರ್ವಜನಿಕ, ಎರಡೂ ಪುಕ್ಕಟೆ. ಈ ಪ್ರಮಾಣಪತ್ರಗಳಿಗೆ ಮೂಲ ಐಐಎಂ ಅಹಮದಾಬಾದಿನ ಪ್ರಾಧ್ಯಾಪಕರು 1999ರಲ್ಲಿ ಕಟ್ಟಿದ ಎಡಿಆರ್ ಸಂಸ್ಥೆ ಹೂಡಿದ ಮೊಕದ್ದಮೆ. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2002ರಲ್ಲಿ. ಆ ಪ್ರಾಧ್ಯಾಪಕರಲ್ಲಿ ಮುಂಚೂಣಿಯಲ್ಲಿದ್ದ ತ್ರಿಲೋಚನ ಶಾಸ್ತ್ರಿ ಆಮೇಲೆ ಬೆಂಗಳೂರಿನ ಐಐಎಂಗೆ ಬಂದರು. ಅವರ ಸಂಸ್ಥೆಯ ‘ಮೈನೇತಾ’ ತಾಣದಲ್ಲಿ ಒಬ್ಬರ ಆಸ್ತಿ ಚುನಾವಣೆಯಿಂದ ಚುನಾವಣೆಗೆ ಹೇಗೆ ಬೆಳೆಯಿತು ಎಂದು ಪಕ್ಕಪಕ್ಕ ಇಟ್ಟು ನೋಡಬಹುದು. ಕೆಲವರದು ಬಾಳೆಗಿಡಕ್ಕಿಂತ ಜೋರಾಗಿ ಬೆಳೆದಿರುತ್ತದೆ.

◆ ಕಂಪನಿಯ ಲೆಟರ್‌ಹೆಡ್ ಕೆಳಗೆ ಸಣ್ಣಕ್ಷರದಲ್ಲಿರುವ ಸಿಐಎನ್ ನಂಬರಿನಲ್ಲಿ ಅದರ ಜಾತಕವೇ ಇದೆ. ಇನ್ಫೊಸಿಸ್‌ನದು ‘ಎಲ್85110ಕೆಎ1981ಪಿಎಲ್‌ಸಿ013115’. ಮೊದಲ ‘ಎಲ್’ ಎಂದರೆ ಷೇರುಪೇಟೆಯಲ್ಲಿ ಪಟ್ಟಿಯಾದದ್ದು, ಆಗಿಲ್ಲದಿದ್ದರೆ ‘ಯು’. ಐದು ಅಂಕಿ ಉದ್ಯಮದ ಸಂಕೇತ, ‘ಕೆಎ’ ಕರ್ನಾಟಕ, 1981 ನೋಂದಣಿಯ ವರ್ಷ, ‘ಪಿಎಲ್‌ಸಿ’ ಪಬ್ಲಿಕ್ ಕಂಪನಿ. ನಿಮಗೆ ಸೈಟು ಮಾರಲು ಬಂದ, ‘ಮೂವತ್ತು ವರ್ಷದ ಅನುಭವ’ದ ಕಂಪನಿಯ ನಂಬರಿನ ನಡುವೆ 2022 ಎಂದಿದ್ದರೆ ಒಂದು ಪ್ರಶ್ನೆ ಕೇಳುವುದು ನ್ಯಾಯವೇ.

◆ ಹೋಟೆಲ್ ಬಿಲ್ಲಿನ ಜಿಎಸ್‌ಟಿ ನಂಬರು 29ರಿಂದ ಶುರುವಾದರೆ ಕರ್ನಾಟಕದ ನೋಂದಣಿ. ಮುಂದಿನ ಹತ್ತು ಅಕ್ಷರಾಂಕಿ ಮಾಲೀಕರ ಪ್ಯಾನ್. ಜಿಎಸ್‌ಟಿ ತಾಣದಲ್ಲಿ ಹಾಕಿದರೆ ನೋಂದಣಿ ಜೀವಂತವೇ, ರದ್ದಾಗಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ.

◆ 500 ಚದರ ಮೀಟರಿಗಿಂತ ದೊಡ್ಡ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ಜಾಹೀರಾತಿನ ಈಜುಕೊಳ ಮಂಜೂರಾದ ನಕ್ಷೆಯಲ್ಲೂ ಇದೆಯೇ ಎಂದು ಕರ್ನಾಟಕ ರೇರಾ ತಾಣದಲ್ಲಿ ನೋಡಿ.

◆ ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’ ಎಂದು ಹೊಡೆದು, ಕೋಲನ್ ಇಟ್ಟು, ಜಾಗ ಬಿಡದೆ ‘ಕರ್ನಾಟಕ ಡಾಟ್ ಗೌ ಡಾಟ್ ಇನ್’ ಎಂದು ಸೇರಿಸಿದರೆ ಸರ್ಕಾರಿ ತಾಣಗಳಿಂದ ಮಾತ್ರ ಉತ್ತರ ಬರುತ್ತದೆ. ಅದರ ಜೊತೆ ‘ಫೈಲ್‌ಟೈಪ್’, ಕೋಲನ್, ‘ಪಿಡಿಎಫ್’ ಎಂದರೆ ಆದೇಶ, ಸುತ್ತೋಲೆಗಳಷ್ಟೇ ಉಳಿಯುತ್ತವೆ. ಕೋಲನ್ ಆದಮೇಲೆ ಒಂದು ಸ್ಪೇಸ್ ಬಿಟ್ಟರೆ ಎಲ್ಲ ಕೆಟ್ಟಿತು. ವಿಳಾಸ ಓದುವಾಗಲೂ ಒಂದು ಎಚ್ಚರ: ಅಸಲಿ ಸರ್ಕಾರಿ ತಾಣದ ಹೆಸರು ‘ಗೌ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯಬೇಕು. ಅದು ನಡುವೆ ಬಂದು, ಆಮೇಲೆ ಇನ್ನೇನೋ ಬಾಲ ಇದ್ದರೆ ಅಲ್ಲಿ ಆಧಾರ್ ನಂಬರು ಕೊಡಬೇಡಿ.

◆ ಮೊನ್ನೆ ಇದ್ದ ಸರ್ಕಾರಿ ಪುಟ ಇವತ್ತು ಇಲ್ಲವೇ? ಗೂಗಲ್ ತನ್ನ ‘ಕ್ಯಾಶ್’ ಪ್ರತಿ ತೋರಿಸುವುದನ್ನು 2024ರಲ್ಲಿ ನಿಲ್ಲಿಸಿತು. ಉಳಿದ ದಾರಿ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ಹಳೆಯ ವಿಳಾಸ ಹಾಕಿದರೆ ಕ್ಯಾಲೆಂಡರ್ ತೆರೆಯುತ್ತದೆ, ದಿನ ಆರಿಸಿ ಆ ದಿನದ ಪುಟ ನೋಡಬಹುದು. ಟೆಂಡರ್, ನೇಮಕಾತಿ, ಫಲಾನುಭವಿ ಪಟ್ಟಿ ಕಂಡ ದಿನವೇ ನೀವಾಗಿಯೂ ಅಲ್ಲಿ ಉಳಿಸಿಡಬಹುದು.

◆ ತಾತನ ಕಾಲದ ಕಾಗದಕ್ಕೆ ಕರ್ನಾಟಕದೊಳಗೇ ಹುಡುಕಿದರೆ ಸಾಲದು. 1956ಕ್ಕೆ ಮೊದಲು ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ಆಡಳಿತದವು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿನವು, ಅಲ್ಲಿನ ಹಳೆಯ ದಾಖಲೆ ಉರ್ದುವಿನಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿ ಎರಡೂ ಹಿಂದೆ ಮದ್ರಾಸಿನವು. ಬಾಂಬೆ ಗ್ಯಾಸೆಟಿಯರ್‌ನ ಧಾರವಾಡ ಸಂಪುಟ 1884ರದು, ಕೆನರಾ ಸಂಪುಟ 1883ರದು; ಎರಡೂ ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ಅಲ್ಲಿ ಬರಿಯ ಶೀರ್ಷಿಕೆಯಲ್ಲಿ ಅಲ್ಲ, ‘ಪಠ್ಯದೊಳಗೆ’ ಹುಡುಕುವ ಆಯ್ಕೆ ಒತ್ತಿ. ಊರಿನ ಕೆರೆಯ ಹೆಸರೂ ಸಿಕ್ಕೀತು. ಶಾಸನ ಬೇಕಿದ್ದರೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ, ಸುಮಾರು 9,000 ಶಾಸನಗಳು ಅಂದಿನ ತಾಲ್ಲೂಕುವಾರು ಇವೆ. ಹಲ್ಮಿಡಿ ಶಾಸನವನ್ನು ಮಾತ್ರ ಅಲ್ಲಿ ಹುಡುಕಬೇಡಿ. ಅದು ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು ರೈಸ್ ಸಂಪುಟಗಳ ನಂತರ, 1936ರಲ್ಲಿ.

◆ ಎಷ್ಟೇ ಹುಡುಕಿದರೂ ಸಿಗದವೂ ಇವೆ. ಜನನ–ಮರಣ ರಿಜಿಸ್ಟರಿನ ಪ್ರತಿ ಕೇಳುವ ಹಕ್ಕು 1969ರ ಕಾಯ್ದೆಯಲ್ಲಿ ಎಲ್ಲರಿಗೂ ಇದೆ, ಆದರೆ ಸಾವಿನ ಕಾರಣವನ್ನು ಅದರಲ್ಲಿ ತೋರಿಸುವಂತಿಲ್ಲ. ಜನಗಣತಿಯಲ್ಲಿ ನಿಮ್ಮ ಊರಿನ ಬಾವಿ, ಶಾಲೆಗಳ ಲೆಕ್ಕ ಸಿಗುತ್ತದೆ; ನಿಮ್ಮ ಮನೆಯವರು ಗಣತಿದಾರರಿಗೆ ಹೇಳಿದ್ದನ್ನು ನೋಡುವ ಹಕ್ಕು 1948ರ ಕಾಯ್ದೆಯಂತೆ ಯಾರಿಗೂ ಇಲ್ಲ.

◆ ಆನ್‌ಲೈನಿನಲ್ಲಿ ಇಲ್ಲ, ಆದರೆ ಕಚೇರಿಯಲ್ಲಿ ಇದ್ದೇ ಇದೆ ಎಂದು ಗೊತ್ತಿದ್ದರೆ ಉಳಿಯುವುದು ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು, ಕೇಂದ್ರದ್ದು ಆಮೇಲೆ ಬಂತು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ರಾಜ್ಯದ ನಿಯಮದಲ್ಲಿ ಎರಡು ಕೊಕ್ಕೆಗಳಿವೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಊರಿನ ರಾಜಕೀಯವನ್ನೆಲ್ಲ ಪೀಠಿಕೆಯಲ್ಲಿ ಬರೆದು, ಪ್ರಶ್ನೆ ಕೇಳುವ ಹೊತ್ತಿಗೆ ಪದ ಮುಗಿಸಿಕೊಳ್ಳುವವರೇ ಹೆಚ್ಚು. ‘ಯಾಕೆ’ ಎಂದು ಕೇಳಬೇಡಿ, ‘ಇಂಥ ಕಡತದ ಇಂಥ ದಿನಾಂಕದ ಟಿಪ್ಪಣಿ ಹಾಳೆಯ ನಕಲು ಕೊಡಿ’ ಎಂದು ಕೇಳಿ. ನಕಲಿಗೆ ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನದ ಗಡುವು, ಜೀವ ಮತ್ತು ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಗಡುವು ಮೀರಿ ಕೊಟ್ಟರೆ ಆ 2 ರೂಪಾಯಿಯನ್ನೂ ಕೇಳುವಂತಿಲ್ಲ. ಎಷ್ಟೇ ಪುಟವಿದ್ದರೂ ಪುಕ್ಕಟೆ ಕೊಡಬೇಕು ಎನ್ನುತ್ತದೆ ಕಾಯ್ದೆಯ 7(6)ನೇ ಕಲಂ. ಅರ್ಜಿ ಕೊಟ್ಟ ದಿನದ ಸ್ವೀಕೃತಿಯನ್ನು ಅದಕ್ಕಾಗಿಯೇ ಜೋಪಾನವಾಗಿ ಇಟ್ಟುಕೊಳ್ಳಿ.